ಖಾಸಾ ಅಭಿಮಾನಿ

ಟಿಕೋಟಾ
6 ಅಕ್ಟೋಬರ್ 2025

ರಾಚವ್ವನಿಗೆ ಗೌರಾಬಾಯಿಯ ಶರಣು.

ಕುರಿ ಬಿಡುವುದು ಸ್ವಲ್ಪ ತಡವಾದರೂ ಚಿಂತೆಯಿಲ್ಲ, ಮೊದಲು ಈ ಪತ್ರ ಓದು. ನನ್ನ ಕಬಡ್ಡಿ ಪಾಸು ಬಂತು! ನಮ್ಮ ಬುರುಜು ತಂಡವನ್ನು ಕೊಂಡ ಹೊಸ ಮಾಲಕರು ‘ಖಾಸಾ ಅಭಿಮಾನಿ’ ಎಂಬ ಯೋಜನೆ ಹೊರಡಿಸಿದ್ದಾರೆ. ಹಳೆಯ ಅಭಿಮಾನಿಗಳಿಗೆ ಮುಂದಿನ ಜಾಗ, ಹೊಸಬರಿಗೆ ಉಳಿದದ್ದು. ನನಗೆ ಅಂಕಣದ ಅಂಚಿಗೇ ಕೆಂಪು ಗಾದಿಯ ಕುರ್ಚಿ ಕೊಟ್ಟಿದ್ದಾರೆ. ಕಾಲು ಚಾಚಿದರೆ ಆಟಗಾರರಿಗೆ ತಾಗುವಷ್ಟು ಹತ್ತಿರವಂತೆ. ಬಳೆ ಅಂಗಡಿಯ ಗೌರಾಬಾಯಿಗೆ ಬಂದ ಮರ್ಯಾದೆ ನೋಡು.

ಬೇಸರದ ಸುದ್ದಿಯೂ ಇದೆ. ನಾವು ಕೂಡುತ್ತಿದ್ದ ಹೆಣ್ಣುಮಕ್ಕಳ ಕಟ್ಟೆಯನ್ನು ಒಡೆದು ಅಲ್ಲಿಯೂ ಕುರ್ಚಿ ಹಾಕಿದ್ದಾರಂತೆ. ಹೋಗಲಿ ಬಿಡು, ಆ ಕಲ್ಲಿನ ಮೇಲೆ ಕೂತು ಸೊಂಟ ಹಿಡಿಯುತ್ತಿತ್ತು. ಎಲ್ಲಿ ಕೂತರೇನು, ನೀನು ಪಕ್ಕದಲ್ಲಿದ್ದರೆ ಸರಿ. ನನ್ನ ಕಿವಿ ಹೋದ ಮೇಲೆ ಮನೆಯಲ್ಲಿ ಯಾರೂ ನನ್ನ ಕಡೆ ಮುಖ ತಿರುಗಿಸಿ ಮಾತಾಡುವುದಿಲ್ಲ. ಮೈದುನನ ಸಂಸಾರ ದೊಡ್ಡದು, ಮನೆ ತುಂಬ ಜನ. ಊಟಕ್ಕೆ ಕರೆಯಲು ಭುಜ ತಟ್ಟುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ನೀನೊಬ್ಬಳೇ ನನ್ನ ಕಡೆ ತಿರುಗಿ, ತುಟಿ ಅಗಲಿಸಿ, ಹಿಂದಿನ ಸಾಲಿನವರು ಅಂಪೈರನಿಗೆ ಏನು ಬೈದರು ಎಂಬುದನ್ನೂ ಬಿಡದೆ ಹೇಳುವವಳು. ವರ್ಷವೆಲ್ಲ ನಾನು ಕಾಯುವುದು ಅದಕ್ಕೇ.

ಕವರಿನಲ್ಲಿ ನನ್ನದೊಂದೇ ಪಾಸು ಇತ್ತು. ನಿನ್ನದು ನೇರ ಜೈನಾಪುರಕ್ಕೆ ಬಂದಿರಬೇಕು. ಕುರ್ಚಿ ನನ್ನ ಪಕ್ಕದ್ದೇ ಅಲ್ಲವೇ ಎಂದು ನೋಡಿ ಬರೆ.

ನಿನ್ನ
ಗೌರಾಬಾಯಿ

&nbsp;

ಜೈನಾಪುರ
14 ಅಕ್ಟೋಬರ್ 2025

ಗೌರಕ್ಕನವರಿಗೆ ರಾಚವ್ವ ಮಾಡುವ ನಮಸ್ಕಾರ.

ಗಾದಿ ಕುರ್ಚಿಯ ಸುದ್ದಿ ಓದಿ ಬಹಳ ಖುಷಿಯಾಯಿತು. ನೀವು ಅಲ್ಲಿ ಕೂಡಬೇಕಾದವರೇ.

ನನಗೆ ಪಾಸು ಬರಲಿಲ್ಲ. ಬಬಲೇಶ್ವರಕ್ಕೆ ಹೋಗಿ ಬುಡ್ಡೇಸಾಬನ ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿಗೆ ನನ್ನ ಹೆಸರು, ನಮ್ಮ ಮನೆಯವರ ಫೋನ್ ನಂಬರು ಹಾಕಿಸಿದೆವು. ಉತ್ತರ ಬಂತು. “ಬುರುಜು ಕುಟುಂಬಕ್ಕೆ ಸ್ವಾಗತ! ನೀವು ಇನ್ನೂ ನಮ್ಮ ಒಂದೂ ಪಂದ್ಯ ನೋಡಿಲ್ಲ. ಇಂದೇ ಅಭಿಮಾನಿಯಾಗಿರಿ.” ಇದನ್ನು ನಮ್ಮ ಮನೆಯವರು ಗಟ್ಟಿಯಾಗಿ ಓದಿದರು. ನನ್ನ ಗಂಡ ಎಂಥ ಮನುಷ್ಯ ಎಂದು ನಾನು ನಿಮಗೆ ಹೇಳಿದ್ದೇನಲ್ಲ. ಅಂಗಡಿಯಲ್ಲಿ ನಾಲ್ಕು ಜನ ಇದ್ದರೂ ಕೇಳಿಯೇಬಿಟ್ಟರು, “ಇಷ್ಟ್ ವರ್ಷ ಮ್ಯಾಚ್ ಮ್ಯಾಚ್ ಅಂತ ಓಡ್ತಿದ್ದಿಯಲ್ಲಾ, ಖರೇ ಹೇಳ್ ಬೇ, ಎಲ್ಲಿಗಿ ಹೋಗ್ತಿದ್ದಿ?” ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊಸಬರಿಗೂ ದಾರಿ ಇದೆಯಂತೆ. ತಂಡದ ಅಂಗಿ, ಟೊಪ್ಪಿಗೆ ಕೊಂಡರೆ ಅಂಕ ಸೇರುತ್ತದೆ. ಗೆಳತಿಯರನ್ನು ಸೇರಿಸಿದರೂ ಅಂಕ. ನಾನೊಂದು ಅಂಗಿ ಕೊಂಡೇನು, ಉಳಿದದ್ದನ್ನು ಕುರಿಗಳಿಗೆ ತೊಡಿಸಲೇ? ಇನ್ನು ಗೆಳತಿ ಎಂದರೆ ನೀವೊಬ್ಬರೇ. ನೀವು ಆಗಲೇ ಸೇರಿದ್ದೀರಿ.

ಏನೋ ತಪ್ಪಾಗಿದೆ, ಸರಿಹೋಗುತ್ತದೆ. ನೀವು ತಲೆಗೆ ಹಚ್ಚಿಕೊಳ್ಳಬೇಡಿರಿ.

ರಾಚವ್ವ

&nbsp;

ಟಿಕೋಟಾ
23 ಅಕ್ಟೋಬರ್ 2025

ರಾಚವ್ವಾ,

ನಿನ್ನ ಪತ್ರ ಓದಿದ ಮರುದಿನವೇ ಅಂಗಡಿ ಮುಚ್ಚಿ ವಿಜಯಪುರಕ್ಕೆ ಹೋದೆ. ಸ್ಟೇಷನ್ ರಸ್ತೆಯಲ್ಲಿ ತಂಡದ ಆಫೀಸು ಮಾಡಿದ್ದಾರೆ, ಗಾಜಿನ ಬಾಗಿಲು, ಒಳಗೆ ಥಣ್ಣಗೆ. ರಿಜ್ವಾನ ಎಂಬ ಕ್ಲಾರ್ಕ್ ಇದ್ದ. ನನಗೆ ಕಿವಿ ಕೇಳುವುದಿಲ್ಲ ಎಂದು ತಿಳಿದೊಡನೆ ಹಾಳೆಯ ಮೇಲೆ ಬರೆದು ತೋರಿಸಿದ. ಜಗಳವಾಡಲು ಹೋದವಳು ನಾನು, ಅವನ ಅಕ್ಷರ ನೋಡಿಯೇ ಅರ್ಧ ತಣ್ಣಗಾದೆ.

ತಪ್ಪು ಎಲ್ಲಿ ಆಗಿದೆ ಗೊತ್ತೇ? ನಮ್ಮಲ್ಲೇ. ಟಿಕೋಟಾ ಬಸ್ಸು ಮೊದಲು ಬರುತ್ತದೆ, ನಿನ್ನ ಬಬಲೇಶ್ವರದ ಬಸ್ಸು ಆಮೇಲೆ. ನೀನು ಬರುವಷ್ಟರಲ್ಲಿ ಪಾಳಿ ಬೆಳೆಯುತ್ತದೆ ಎಂದು ನಾನೇ ನಿಂತು ಇಬ್ಬರದೂ ಟಿಕೀಟು ತೆಗೆಸುತ್ತಿದ್ದೆ. ಕಿಟಕಿಯಲ್ಲಿ ಹೆಸರು, ನಂಬರು ಕೇಳಿದರೆ ನನ್ನದೇ ಹೇಳುತ್ತಿದ್ದೆ. ಅವೆಲ್ಲ ಕಂಪ್ಯೂಟರಿನಲ್ಲಿ ಕೂತಿವೆ. ಅದರ ಲೆಕ್ಕದಲ್ಲಿ ಪ್ರತಿ ಮ್ಯಾಚನ್ನೂ ನಾನು ಎರಡೆರಡು ಸಲ ನೋಡಿದ್ದೇನೆ, ನೀನು ಹುಟ್ಟಿಯೇ ಇಲ್ಲ.

“ಏ ತಮ್ಮಾ, ನಾ ಒಬ್ಬಾಕಿ ಎರಡ್ ಟಿಕೀಟ್ ತಗೊಂಡು ಒಂದರ ಮ್ಯಾಲ ಕುಂತು, ಒಂದರ ಮ್ಯಾಲ ಕಾಲ್ ಇಟ್ಟಿದ್ದೆನೇನು? ಬಾಜೂಕ ರಾಚವ್ವ ಕುಂತಿದ್ಲು. ಪೀರಸಾಬನ್ನ ಕೇಳ್ರಿ, ಗೇಟಿನಾಗ ಅಂವ ನಿಂದರ್ತಿದ್ದ” ಅಂದೆ. ಹುಡುಗ ತಲೆ ಅಲ್ಲಾಡಿಸಿ ಬರೆದ, ‘ಪೀರಸಾಬ ಈಗ ಇಲ್ಲ. ಗೇಟಿಗೆ ಮಷೀನು ಬಂದಿದೆ.’ ಹಾಗಾದರೆ ನನ್ನ ಲೆಕ್ಕದಲ್ಲಿ ಅರ್ಧ ಅವಳಿಗೆ ಕೊಡಿ, ಇಬ್ಬರೂ ಹಿಂದೆ ಕೂಡುತ್ತೇವೆ ಎಂದೆ. ‘ಹಾಗೆ ಒಡೆಯಲು ಬರುವುದಿಲ್ಲ’ ಎಂದು ಬರೆದ.

ನಿನ್ನ ವರ್ಷಗಳನ್ನೆಲ್ಲ ನಾನು ನುಂಗಿ ಕೂತಂತಾಯಿತು. ನೀನಿಲ್ಲದೆ ನಾನು ಹೋಗುವುದಿಲ್ಲ.

ಗೌರಾಬಾಯಿ

&nbsp;

ಜೈನಾಪುರ
2 ನವೆಂಬರ್ 2025

ಗೌರಕ್ಕನವರೇ,

ಎಂಥ ಮಾತು ಬರೆದಿರಿ! ನೀವು ಹೋಗಲೇಬೇಕು. ನನ್ನ ಕೆಲಸ ಆಯಿತು. ಎಲ್ಲಕ್ಕಿಂತ ಮೇಲಿನ ಗ್ಯಾಲರಿಯಲ್ಲಿ ನನಗೊಂದು ಜಾಗ ಸಿಕ್ಕಿದೆ. ಬುಡ್ಡೇಸಾಬನೇ ತೆಗೆಸಿಕೊಟ್ಟ. ದೂರವೇನೋ ನಿಜ, ಆದರೆ ಅಲ್ಲಿಂದ ಇಡೀ ಅಂಗಳ ಕಾಣುತ್ತದಂತೆ. ನೀವೂ ಕಾಣುತ್ತೀರಿ.

ಒಂದು ಕೆಲಸ ಮಾಡಿರಿ. ನಮ್ಮ ತಂಡದ ಆಟಗಾರ ಶ್ರೀಮಂತ ರೇಡಿಗೆ ಹೋಗಿ ಅಂಕ ತಂದಾಗಲೆಲ್ಲ ಹಿಂದೆ ತಿರುಗಿ ಮೇಲಕ್ಕೆ ಕೈ ಬೀಸಿರಿ. ನಾನೂ ಬೀಸುತ್ತೇನೆ. ಕೂಡಿಯೇ ನೋಡಿದಂತಾಗುತ್ತದೆ. ಆಟ ಮುಗಿದ ಮೇಲೆ ಕಾಯಬೇಡಿರಿ, ನನ್ನ ಬಸ್ಸು ಬೇಗ ಹೊರಡುತ್ತದೆ. ಇಲ್ಲಿ ಜೋಳದ ಕೆಲಸ, ಮನೆಯವರು ತಡ ಮಾಡಿದರೆ ಸಿಡಿಮಿಡಿ ಮಾಡುತ್ತಾರೆ.

ಜನ ಯಾಕೆ ನಕ್ಕರು, ಯಾರಿಗೆ ಬೈದರು ಎಲ್ಲವನ್ನೂ ಆಮೇಲೆ ಪತ್ರದಲ್ಲಿ ಬರೆಯುತ್ತೇನೆ. ನೀವು ಹೋಗದಿದ್ದರೆ ನಾನು ಮೇಲೆ ಒಬ್ಬಳೇ ಕೂತು ಯಾರಿಗೆ ಕೈ ಬೀಸಲಿ?

ರಾಚವ್ವ

&nbsp;

ಟಿಕೋಟಾ
11 ನವೆಂಬರ್ 2025

ರಾಚವ್ವಾ,

ನೀನು ಹೇಳಿದೆ ಎಂದು ಹೋದೆ. ಏನು ವ್ಯವಸ್ಥೆ, ಏನು ದೀಪ! ಕುರ್ಚಿಗೆ ಕೂತರೆ ಏಳಲು ಮನಸ್ಸಾಗುವುದಿಲ್ಲ. ನೀರಿನ ಬಾಟಲಿ ಕೈಗೇ ತಂದು ಕೊಡುತ್ತಾರೆ. ಗೋಡೆಯ ಮೇಲೆ ದೊಡ್ಡ ಟೀವಿ, ಅಂಕವೆಲ್ಲ ಅದರಲ್ಲೇ ಬರುತ್ತದೆ, ಯಾರನ್ನೂ ಕೇಳುವ ಹಂಗಿಲ್ಲ. ಶ್ರೀಮಂತನ ಬೆನ್ನ ಮೇಲಿನ ಬೆವರು ಕೂಡ ಕಂಡಿತು.

ನಾನು ಕೈ ಬೀಸಿದ್ದು ಕಂಡಿತೇ? ಮೇಲೆ ದೀಪದ ಬೆಳಕು ಕಣ್ಣಿಗೆ ಹೊಡೆದು ನೀನು ನನಗೆ ಕಾಣಲಿಲ್ಲ. ಆದರೂ ಬೀಸಿದೆ. ಪಕ್ಕದಲ್ಲಿ ಯಾವುದೋ ಕಂಪನಿಯ ಸಾಹೇಬರು ಕೂತಿದ್ದರು. ಅವರೂ ಹಿಂದೆ ತಿರುಗಿ ನೋಡಿ, ನನ್ನ ಮುಖ ನೋಡಿ, ಫೋನು ತೆಗೆದರು. ಒಳ್ಳೆಯ ಜನ.

ಆಟದ ನಡುವೆ ಒಮ್ಮೆ ಜನವೆಲ್ಲ ಬಿದ್ದು ಬಿದ್ದು ನಕ್ಕರು. ಅಂಕಣದಲ್ಲಿ ಏನೂ ನಡೆದಿರಲಿಲ್ಲ. ಸಾಹೇಬರೂ ನಕ್ಕರು. ನಾನೂ ಹಲ್ಲು ಕಿಸಿದೆ. ಅದು ಯಾಕೆ ಎಂದು ಬರೆದರೆ ಚಲೋ ಆಗುತ್ತದೆ.

ಗೌರಾಬಾಯಿ

&nbsp;

ಜೈನಾಪುರ
19 ನವೆಂಬರ್ 2025

ಗೌರಕ್ಕನವರೇ,

ಕಂಡಿತು, ಕಂಡಿತು. ನೀವು ಬೀಸಿದಾಗಲೆಲ್ಲ ನಾನೂ ಬೀಸಿದೆ.

ಜನ ನಕ್ಕದ್ದು ಆಡಿನ ಸಲುವಾಗಿ. ಎಲ್ಲಿಂದಲೋ ಆಡೊಂದು ಗೇಟಿನಿಂದ ಒಳಗೆ ನುಗ್ಗಿತ್ತು. ಮೈಕಿನವನು ಆಟ ಬಿಟ್ಟು ಕೂಗಿದ, “ಒಂದು ಕರೀ ಆಡ ಒಳಗ ಬಂದೈತಿ, ಯಾರದೈತಿ ಅವರು ಬಂದು ಹಿಡ್ಕೊಂಡ್ ಹೋಗ್ರಿ, ಇಲ್ಲಾಂದ್ರ ಎದುರಿನ ಟೀಮಿಗಿ ಸೇರಸ್ತೀವಿ!” ಅದಕ್ಕೆ ಆ ನಗೆ. ನೀವು ಪಕ್ಕದಲ್ಲಿದ್ದಿದ್ದರೆ ಆಗಲೇ ಹೇಳುತ್ತಿದ್ದೆ, ಕೂಡಿ ನಗುತ್ತಿದ್ದೆವು. ಈಗ ಹತ್ತು ದಿನ ತಡವಾಗಿ ನಕ್ಕುಬಿಡಿರಿ.

ಕುರ್ಚಿ ಚಲೋ ಇದೆ ಎಂದು ಓದಿ ಸಮಾಧಾನವಾಯಿತು. ನೀವು ಸುಖವಾಗಿ ಕೂತಿದ್ದೀರಿ ಎಂಬುದೇ ನನಗೆ ಸಾಕು.

ರಾಚವ್ವ

&nbsp;

ಟಿಕೋಟಾ
1 ಡಿಸೆಂಬರ್ 2025

ರಾಚವ್ವಾ,

ಆಡಿನ ಸುದ್ದಿ ಓದಿ ಅಂಗಡಿಯಲ್ಲೇ ನಕ್ಕೆ. ಬಳೆ ತೊಡಿಸಿಕೊಳ್ಳುತ್ತಿದ್ದ ಗಿರಾಕಿ ಹೆದರಿ ಕೈ ಎಳೆದುಕೊಂಡಳು.

ನಿನ್ನೆಯ ಮ್ಯಾಚೂ ಚೆನ್ನಾಗಿತ್ತು. ಹಳದಿ ಸೀರೆ ಉಟ್ಟಿದ್ದೆ, ನಿನಗೆ ಗುರುತು ಸಿಗಲಿ ಎಂದು. ಕೊನೆಗೆ ಕುರ್ಚಿಯ ಮೇಲೆ ಹತ್ತಿ ನಿಂತು ಕೈ ಬೀಸಿದೆ. ಕಂಡಿತೇ? ಹೆಚ್ಚು ಬರೆಯಲು ಪುರಸೊತ್ತಿಲ್ಲ.

ಗೌರಾಬಾಯಿ

&nbsp;

ಜೈನಾಪುರ
8 ಡಿಸೆಂಬರ್ 2025

ಗೌರಕ್ಕನವರೇ,

ಕಾಣದೆ ಇರುತ್ತದೆಯೇ? ಹಳದಿ ಸೀರೆಯಲ್ಲಿ ನೀವು ಕುರ್ಚಿ ಹತ್ತಿ ನಿಂತಾಗ ನಮ್ಮ ಗ್ಯಾಲರಿಯವರೆಲ್ಲ ನಿಮ್ಮನ್ನೇ ನೋಡಿದರು. ನನ್ನ ಪಕ್ಕದವಳೊಬ್ಬಳು, “ಯಾರ ಬೇ ಅಕಿ, ಈ ವಯಸ್ಸಿನ್ಯಾಗ ಕುರ್ಚಿ ಹತ್ಯಾಳ?” ಎಂದು ಕೇಳಿದಳು. “ಅಕಿ ನಮ್ಮಾಕಿ” ಎಂದೆ. ಹೇಳುವಾಗ ಎದೆಯುಬ್ಬಿತು. ಬೀಳುತ್ತೀರಿ ಎಂದು ಹೆದರಿಕೆಯೂ ಆಯಿತು. ಇನ್ನೊಮ್ಮೆ ಹಾಗೆ ಹತ್ತಬೇಡಿರಿ.

ರಾಚವ್ವ

&nbsp;

ಟಿಕೋಟಾ
13 ಡಿಸೆಂಬರ್ 2025

ರಾಚವ್ವಾ,

ಆ ದಿನ ನಾನು ಹೋಗಿರಲಿಲ್ಲ.

ಹಳದಿ ಸೀರೆ ಟ್ರಂಕಿನಲ್ಲೇ ಇತ್ತು. ನಾನು ಅಂಗಡಿಯಲ್ಲಿ ಕೂತು ಸಂಜೆಯವರೆಗೆ ಬಳೆ ಜೋಡಿಸಿದೆ. ನೀನು ಮೇಲೆ ಒಬ್ಬಳೇ ಕೂತು ನನ್ನನ್ನು ಹುಡುಕಿ ಬೇಜಾರು ಮಾಡಿಕೊಳ್ಳುತ್ತೀ ಎಂದು ಹಾಗೆ ಬರೆದೆ. ಕಾಣಲಿಲ್ಲ ಎಂದು ನೀನು ಬರೆದರೆ ಏನು ಸಬೂಬು ಹೇಳಬೇಕು ಎಂಬುದನ್ನೂ ಯೋಚಿಸಿ ಇಟ್ಟಿದ್ದೆ. ಆದರೆ ನೋಡಿದೆ ಎಂದೇ ನೀನು ಬರೆದೆ. ಆ ಹಳದಿ ಸೀರೆಯವಳು ಯಾರು, ರಾಚವ್ವಾ?

ನನ್ನ ಸುಳ್ಳನ್ನು ಮೊದಲು ಹೇಳಿಬಿಡುತ್ತೇನೆ. ಆ ಕೆಂಪು ಕುರ್ಚಿ ನನಗೆ ಒಂದು ದಿನವೂ ಹಿತವಾಗಲಿಲ್ಲ. ಅಂಕ ಎಷ್ಟು ಎಂದು ಟೀವಿ ಹೇಳುತ್ತದೆ, ಜನ ಯಾಕೆ ಕೂಗಿದರು ಎಂದು ಯಾರೂ ಹೇಳುವುದಿಲ್ಲ. ಸಾಹೇಬರನ್ನು ಎರಡು ಸಲ ಕೇಳಿದೆ, ಅವರು ಟೀವಿಯ ಕಡೆ ಬೆರಳು ತೋರಿಸಿದರು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಎಂದೂ ಕೂತಿರಲಿಲ್ಲ. ಮನೆಯಲ್ಲಿ ಇದ್ದಂತೆಯೇ ಇತ್ತು. ಮನೆ ಬಿಟ್ಟು ಬರುತ್ತಿದ್ದುದೇ ಅದಕ್ಕಲ್ಲವೇ?

ಸಿಟ್ಟಿಲ್ಲ ನನಗೆ. ನೀನು ಎಲ್ಲಿದ್ದೆ, ಅದನ್ನಷ್ಟು ಹೇಳು.

ಗೌರಾಬಾಯಿ

&nbsp;

ಜೈನಾಪುರ
11 ಜನವರಿ 2026

ಗೌರಕ್ಕನವರೇ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಮುಖಕ್ಕೆ ಹೊಡೆದಂತಾಗುತ್ತಿತ್ತು. ಕಾಣದ ಸೀರೆ, ಕಾಣದ ಕುರ್ಚಿ, ಪಕ್ಕದಲ್ಲಿ ಇಲ್ಲದ ಹೆಂಗಸಿನ ಬಾಯಲ್ಲಿ ಮಾತು. ಎಷ್ಟು ಚೆನ್ನಾಗಿ ಕಟ್ಟಿದ್ದೆ ನೋಡಿರಿ. ಬರೆಯುವಾಗ ನನಗೂ ನಿಜವೆನಿಸಿತ್ತು.

ಮೇಲಿನ ಗ್ಯಾಲರಿಯಲ್ಲಿ ನನಗೆ ಜಾಗ ಸಿಕ್ಕಿರಲೇ ಇಲ್ಲ. ಅದನ್ನು ನಾಲ್ಕು ಜನರ ಕಟ್ಟಿನಲ್ಲಿ ಮಾತ್ರ ಮಾರುತ್ತಾರೆ. ಒಬ್ಬಳಿಗೆ ಒಂದು ಟಿಕೀಟು ಎಂಬುದೇ ಈಗ ಇಲ್ಲ. ನಮ್ಮ ಮನೆಯವರನ್ನು ಕರೆದರೆ, “ಕುರಿ ನಿಮ್ಮಪ್ಪ ಕಾಯ್ತಾನೇನು?” ಎಂದರು. ಸೊಸೆ ಚಂದ್ರಕಲಾ ಮುಖ ಕೂಡ ಎತ್ತಲಿಲ್ಲ. ನಾಲ್ಕು ಜನರನ್ನು ಕೂಡಿಸಲು ನನ್ನಿಂದ ಆಗಲಿಲ್ಲ. ಅದನ್ನು ನಿಮಗೆ ಹೇಳಿದರೆ ನೀವೂ ಹೋಗುವುದಿಲ್ಲ ಎಂದು ಮುಚ್ಚಿಟ್ಟೆ.

ಮೊದಲ ಮ್ಯಾಚಿನ ದಿನ ಬಂದಿದ್ದೆ, ಅದು ಸುಳ್ಳಲ್ಲ. ಯಾರಾದರೂ ಗುರುತು ಹಿಡಿದು ಒಳಗೆ ಬಿಟ್ಟಾರು ಎಂಬ ಆಸೆ. ಮಷೀನಿಗೆ ಗುರುತು ಎಲ್ಲಿಂದ ಬರಬೇಕು? ಕಾಂಪೌಂಡ್ ಗೋಡೆಯ ಹೊರಗೆ ನಿಂತು ಮೈಕು ಕೇಳಿದೆ. ಒಳಗೆ ನೀವು ಬರೀ ನೋಡುತ್ತಿದ್ದಿರಿ, ಹೊರಗೆ ನಾನು ಬರೀ ಕೇಳುತ್ತಿದ್ದೆ. ಆ ಕರಿ ಆಡು ನನ್ನ ಕಣ್ಣೆದುರಿಗೇ ಗೇಟು ದಾಟಿತು. ಅದಕ್ಕೆ ಯಾರೂ ಪಾಸು ಕೇಳಲಿಲ್ಲ.

ಎರಡನೆಯ ಸಲ ಬರುವ ಧೈರ್ಯವಾಗಲಿಲ್ಲ. ನನ್ನನ್ನು ಕ್ಷಮಿಸಿರಿ.

ರಾಚವ್ವ

&nbsp;

ಟಿಕೋಟಾ
22 ಜನವರಿ 2026

ರಾಚವ್ವಾ,

ನಿನ್ನ ಪತ್ರ ಹಿಡಿದುಕೊಂಡು ಮತ್ತೆ ಸ್ಟೇಷನ್ ರಸ್ತೆಗೆ ಹೋದೆ. ಬುರುಜು ಫೈನಲ್ ತಲುಪಿದೆ, ಆಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರಿಜ್ವಾನ ನನ್ನನ್ನು ಮರೆತಿರಲಿಲ್ಲ, ಕುರ್ಚಿ ಕೊಟ್ಟು ಕೂಡಿಸಿದ. “ನನ್ನ ಪಾಸು ರಾಚವ್ವನ ಹೆಸರಿಗೆ ಮಾಡಿಕೊಡಪಾ. ಕಣ್ಣೂ ಐತಿ, ಕಿವೀನೂ ಐತಿ ಅಕಿಗಿ. ಫೈನಲ್ ಅಕೀನ ನೋಡ್ಲಿ” ಎಂದೆ.

ಮನೆಯವರಿಗಾದರೆ ವರ್ಗ ಮಾಡಬಹುದಂತೆ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದ. ಗಂಡ, ಮಗ, ಮಗಳು, ಸೊಸೆ, ಅಕ್ಕ, ತಂಗಿ. ಯಾವುದಾದರೂ ಒಂದನ್ನು ಒತ್ತಬೇಕು. ಆಮೇಲೆ ಹಾಳೆಯ ಮೇಲೆ ಬರೆದ, ‘ರಾಚವ್ವ ನಿಮಗೆ ಏನಾಗಬೇಕು?’

ಪೆನ್ನು ಕೈಗೆ ತೆಗೆದುಕೊಂಡೆ. ನಿನ್ನ ಹಬ್ಬಕ್ಕೆ ನಾನು ಬಂದಿಲ್ಲ, ನನ್ನ ಮನೆಯ ಹೊಸ್ತಿಲು ನೀನು ತುಳಿದಿಲ್ಲ. ನಿನ್ನ ಸೊಸೆ ನನ್ನ ಮುಖ ಕಂಡವಳಲ್ಲ. ನನ್ನ ಮೈದುನನಿಗೆ ನಿನ್ನ ಹೆಸರೇ ಗೊತ್ತಿಲ್ಲ. ನಾಳೆ ನಾನು ಸತ್ತರೆ ನಿನಗೆ ಸುದ್ದಿ ಮುಟ್ಟಿಸುವವರು ಈ ಮನೆಯಲ್ಲಿ ಯಾರೂ ಇಲ್ಲ. ಆದರೂ ಯಾರಾದರೂ ನನ್ನನ್ನು ‘ನಿನ್ನವರು ಯಾರು’ ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ನೀನು. ಇದಕ್ಕೆ ಏನು ಹೆಸರು?

ರಿಜ್ವಾನ ನನ್ನ ಮುಖ ನೋಡಿ ತಾನೇ ಬರೆದ, ‘ತಂಗಿ ಎಂದು ಹಾಕಿಬಿಡೋಣ, ನಡೆಯುತ್ತದೆ.’ ಒಳ್ಳೆಯ ಮನಸ್ಸಿನ ಹುಡುಗ. ಆದರೆ ನಾವಿಬ್ಬರೂ ಈ ವರ್ಷ ಸುಳ್ಳು ಬರೆದದ್ದು ಸಾಕಾಯಿತು. ಅವನ ಪ್ರಶ್ನೆಯ ಕೆಳಗೆ ಇದ್ದದ್ದನ್ನು ಇದ್ದಂತೆ ಬರೆದೆ, ‘ಬಾಜೂಕ ಕೂಡ್ರಾಕಿ.’ ಅವನು ಓದಿ ಪೆನ್ನು ಕೆಳಗಿಟ್ಟ. ಅಂಥ ಸಂಬಂಧ ಕಂಪ್ಯೂಟರಿನಲ್ಲಿ ಇಲ್ಲವಂತೆ.

ಪಾಸನ್ನು ಅಲ್ಲೇ ಟೇಬಲ್ಲಿನ ಮೇಲೆ ಬಿಟ್ಟು ಬಂದೆ. ಈಗ ನನ್ನ ಹತ್ತಿರವೂ ಏನೂ ಇಲ್ಲ. ಮ್ಯಾಚೇ ಇಲ್ಲದ ಮೇಲೆ ನಾವು ಇನ್ನು ಹೇಗೆ ಸೇರುವುದೋ ತಿಳಿಯದು. ಇಷ್ಟನ್ನು ಹೇಳಬೇಕು ಎನಿಸಿತು, ಬರೆದೆ.

ಗೌರಾಬಾಯಿ

&nbsp;

ಜೈನಾಪುರ
2 ಫೆಬ್ರವರಿ 2026

ಗೌರಕ್ಕಾ,

ನಿನ್ನ ಪತ್ರವನ್ನು ಕುರಿ ದಡ್ಡಿಯ ಹತ್ತಿರ ನಿಂತು ಓದಿದೆ. ಓದಿ ಅಲ್ಲೇ ಕೂತುಬಿಟ್ಟೆ. ನಮ್ಮ ಮನೆಯವರು ಬಂದು, “ಯಾರ್ ಸತ್ರು ಬೇ?” ಎಂದು ಕೇಳಿದರು. ಯಾರೂ ಇಲ್ಲ ಎಂದೆ.

ಇಷ್ಟು ವರ್ಷ ನಿನ್ನ ಮನೆಗೆ ಯಾಕೆ ಬರಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ದೂರವಲ್ಲ, ಕೆಲಸವೂ ಅಲ್ಲ, ಅದೆಲ್ಲ ನೆಪ. ನೀನು ಅಂಗಡಿಯವರ ಮನೆಯವಳು, ನಾನು ಕುರಿ ಕಾಯುವವಳು, ಬಂದರೆ ಎಲ್ಲಿ ಕೂಡಲಿ ಎಂಬ ಸಂಕೋಚ ಒಂದು. ಇನ್ನೊಂದು ಅದಕ್ಕಿಂತ ದೊಡ್ಡ ಅಂಜಿಕೆ. ಎದುರಿಗೆ ಆಟ ನಡೆಯದಿದ್ದರೆ ನಮ್ಮಿಬ್ಬರ ನಡುವೆ ಮಾತೇ ಹುಟ್ಟದಿದ್ದರೆ? ನಾವಿಬ್ಬರೂ ಸುಮ್ಮನೆ ಗೋಡೆ ನೋಡುತ್ತ ಕೂತರೆ? ಆಗ ನನಗೆ ನೀನೂ ಇಲ್ಲದಂತಾಗುತ್ತದೆ ಎಂದು ಹೆದರಿದ್ದೆ.

ಈ ಭಾನುವಾರ ಫೈನಲ್. ಊರ ಜನವೆಲ್ಲ ಆ ಕಡೆ ಹೋಗುತ್ತಾರೆ, ಸಂಜೆಯ ಟಿಕೋಟಾ ಬಸ್ಸು ಖಾಲಿ ಇರುತ್ತದೆ. ನಾನು ಆ ಬಸ್ಸಿಗೆ ಬರುತ್ತೇನೆ. ಬುರುಜು ಗೆದ್ದರೂ ಸೋತರೂ ಮರುದಿನ ಪೇಪರಿನಲ್ಲಿ ಬರುತ್ತದೆ. ಮನೆಯವರಿಗೆ ಹೇಳಿಯಾಯಿತು. “ಫೈನಲ್ ಐತಿ, ಟಿಕೀಟ್ ಇಲ್ಲ, ಮತ್ತ ಎಲ್ಲಿಗಿ ಹೊಂಟಿ?” ಎಂದರು. “ಗೌರಕ್ಕನ ಮನಿಗಿ” ಎಂದೆ. ಇಷ್ಟು ವರ್ಷದಲ್ಲಿ ಈ ಮಾತು ನನ್ನ ಬಾಯಿಂದ ಬಂದದ್ದು ಇದೇ ಮೊದಲು.

ಬಂದು ಏನು ಮಾತಾಡುತ್ತೇವೋ ನನಗೆ ಗೊತ್ತಿಲ್ಲ. ನೀನು ಅಂಗಡಿಯ ಬಾಗಿಲು ತೆಗೆದಿಡು.

ರಾಚವ್ವ